ಕರೆಂಟು ಮಾಡುವ ಸೊಸೆ

ಯಲ್ಲಕ್ಕನಿಗೆ ಸೊಸೆಯ ಬಗ್ಗೆ ಎಷ್ಟು ಹೆಮ್ಮೆಯೆಂದರೆ, ಊರಲ್ಲಿ ಕರೆಂಟು ಹೋದಾಗಲೆಲ್ಲ ತಾನೇ ತಪ್ಪು ಮಾಡಿದವಳ ಹಾಗೆ ನಾಚಿಕೊಳ್ಳುತ್ತಿದ್ದಳು. ತುಬಚಿಯ ಹೊರಗೆ, ಏತ ನೀರಾವರಿಯ ಕಾಲುವೆ ದಾಟಿದರೆ ನಾಲ್ಕೇ ಮನೆಗಳು. ಕೊನೆಯದು ಅವಳದು. ಫ್ಯಾನು ನಿಂತಿತೋ ಇಲ್ಲವೋ, ಪಕ್ಕದ ಮನೆಯ ತಾರವ್ವ ಗೋಡೆಯಾಚೆಯಿಂದ ಕೂಗುತ್ತಿದ್ದಳು:

"ಏ ಯಲ್ಲಕ್ಕಾ, ನಿನ್ನ ಸೊಸಿ ಮಕ್ಕೊಂಡಾಳೇನ ಬೇ? ಒಂದ ಫೋನ ಹಚ್ಚಿ ಎಬ್ಬಸ!"

"ಆಕಿ ಯಾವಾಗೋ ಕಳಿಸ್ಯಾಳ. ಹಾದ್ಯಾಗ ಯಾರೋ ತಡದಾರ, ಅವರ್ನ ಕೇಳ ಹೋಗ!" ಎಂದು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಯಲ್ಲಕ್ಕ ಸಿಡುಕುತ್ತಿದ್ದಳು.

ಸೊಸೆ ರಂಜನಾ ಸೊಲ್ಲಾಪುರದ ಹತ್ತಿರ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಒಂದು ದೊಡ್ಡ ಸ್ಥಾವರದಲ್ಲಿ ಕೆಲಸಕ್ಕಿದ್ದಳು. ರೈಲಿನಲ್ಲಿ ಬಂದು ಬೀಳುವ ಕಲ್ಲಿದ್ದಲನ್ನು ಬಾಯ್ಲರಿನ ತನಕ ಒಯ್ಯುವ ಉದ್ದುದ್ದ ಬೆಲ್ಟುಗಳಿರುತ್ತವಲ್ಲ, ಅವುಗಳನ್ನು ಕಾಯುವುದು ಅವಳ ಪಾಲಿನ ಕೆಲಸ. ಅರ್ಧ ಹೊತ್ತು ಪರದೆಯ ಮುಂದೆ, ಅರ್ಧ ಹೊತ್ತು ಬೆಲ್ಟಿನ ಪಕ್ಕದ ಕಿರುದಾರಿಯಲ್ಲಿ ಟೋಪಿ ಹಾಕಿಕೊಂಡು ನಡೆಯುವುದು. ಮಾವ ಅಮಸಿದ್ದಪ್ಪನಿಗೆ ಇದನ್ನು ಕೇಳಿದಷ್ಟೂ ಸಾಲದು.

"ದಿನಾ ನಾಕ ರೈಲ ಕಲ್ಲಿದ್ದಲಿ ತಿಂತೈತ್ರಿ ಮಾವ್ರಿ ಅದು."

"ನಾಕ ರೈಲ? ಹೊಟ್ಟಿ ಕೆಡೂದಿಲ್ಲೇನ ಅದಕ್ಕ?" ಎಂದು ಬಾಯಿ ತೆರೆದು, ಆಮೇಲೆ ಊರವರ ಮುಂದೆ ಹೇಳಿಕೊಂಡು ಬರುತ್ತಿದ್ದ: "ನಾ ಕುರಿ ಕಾಯ್ತೀನಿ, ಸೊಸಿ ಕಲ್ಲಿದ್ದಲಿ ಕಾಯ್ತಾಳ. ಎರಡೂ ಕರ್ರಗ ಅದಾವ ನೋಡ್ರಿ."

ಮಗ ಹಾಲೇಶನದು ಎರಡೆಕರೆ ಕಬ್ಬು. ಮೋಟರಿಗೆ ತ್ರೀ ಫೇಸ್ ಯಾವಾಗ ಬರುತ್ತದೋ ಎಂದು ಗಂಡ ಹೊಲದಲ್ಲಿ ಕಾಯುವುದು, ಹೆಂಡತಿ ಅಲ್ಲಿ ಕರೆಂಟು ಮಾಡುವುದು. ಈ ಜೋಡಿಯನ್ನು ನೋಡಿ ನಗದವರೇ ಇರಲಿಲ್ಲ. ಮಗಳು ಪೂರ್ಣಿಮಾಗೆ ಹತ್ತು ತಿಂಗಳಾಗಿದ್ದಾಗ ಕೆಲಸ ಸಿಕ್ಕಿತು. ಹೋಗಲೋ ಬೇಡವೋ ಎಂದು ರಂಜನಾ ಮೂರು ದಿನ ಉಣ್ಣದೆ ಕುಳಿತಿದ್ದಾಗ, ಕೂಸನ್ನು ಅವಳ ಮಡಿಲಿನಿಂದ ತೆಗೆದುಕೊಂಡು "ನಾ ಅದೀನಿ, ನೀ ನಡಿ" ಎಂದವಳು ಯಲ್ಲಕ್ಕನೇ. ರಂಜನಾ ಹೆತ್ತ ತಾಯಿಯ ಮುಖವನ್ನೇ ಕಾಣದ ಹುಡುಗಿ. ಜಮಖಂಡಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು ಡಿಪ್ಲೊಮಾ ಮುಗಿಸಿದವಳು. "ನಾ ಅದೀನಿ" ಎನ್ನುವ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹೀಗೆ ಎಲ್ಲ ಛಲೋ ಇತ್ತು. ಕೆಟ್ಟದ್ದು ಸೋಪಿನಿಂದ.

ಮೊದಲ ಸಲ ರಂಜನಾ ರಜೆಗೆ ಬಂದಾಗ ಕೂಸು ಅವಳ ದುಪಟ್ಟಾದಲ್ಲಿ ಮುಖ ಹುದುಗಿಸಿ ಮಲಗಿತು. ಮರುದಿನದಿಂದ ಒಂದು ವಾರ ಕೆಮ್ಮಿತು. ಆ ವಾರ ಊರಿನ ಮಕ್ಕಳೆಲ್ಲ ಕೆಮ್ಮುತ್ತಿದ್ದವು, ಆ ಮಾತು ಬೇರೆ. ಯಲ್ಲಕ್ಕ ಮಾತ್ರ ದುಪಟ್ಟಾವನ್ನು ನೀರಿನಲ್ಲಿ ಹಿಂಡಿ, ಇಳಿದ ಕಪ್ಪನ್ನು ಎಲ್ಲರಿಗೂ ತೋರಿಸಿ ತೀರ್ಪು ಕೊಟ್ಟುಬಿಟ್ಟಳು: "ಇದ ನೋಡ್ರಿ, ಇದ ಹೊಕ್ಕೈತಿ ಕೂಸಿನ ಎದಿಗೆ."

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಸೊಸೆ ಅಂಗಳಕ್ಕೆ ಕಾಲಿಟ್ಟಳೆಂದರೆ ಯಲ್ಲಕ್ಕನ ದರಬಾರು ಶುರುವಾಗುತ್ತಿತ್ತು.

"ಅಲ್ಲೇ ನಿಂದ್ರ! ಹೊಸ್ತಲಾ ದಾಟಬ್ಯಾಡ. ಹಿಂದ ಬಚ್ಚಲಕ್ಕ ನಡಿ."

ಹಂಡೆಯ ತುಂಬ ಬೇವಿನ ಸೊಪ್ಪು ಕುದಿಸಿದ ನೀರು. ತಲೆಗೆ ಸೀಗೆಕಾಯಿ, ಮೈಗೆ ಸೋಪು, ಉಗುರಿನ ಸಂದಿಗೆ ಬ್ರಷ್ಷು. ಸೊಸೆಯ ಬೆನ್ನನ್ನು ತಾನೇ ತಿಕ್ಕುತ್ತಿದ್ದಳು, ಪ್ರೀತಿಯಿಂದಲೇ. ಚೀಲದಲ್ಲಿದ್ದ ಬಟ್ಟೆಗಳೆಲ್ಲ ಸೋಡಾ ಹಾಕಿದ ನೀರಿಗೆ. ಉಡಲು ಮಾತ್ರ ಟ್ರಂಕಿನಲ್ಲಿ ಡಾಂಬರ ಗುಳಿಗೆಗಳ ನಡುವೆ ಮಡಿಸಿಟ್ಟ ಸೀರೆ. ಇಷ್ಟೆಲ್ಲ ಆದ ಮೇಲೆ ಕೂಸನ್ನು ಮುಟ್ಟಲು ಅಪ್ಪಣೆ.

ಕೂಸು ಆಗ ಅಳುತ್ತಿತ್ತು. ಮೊದಮೊದಲು ಸ್ವಲ್ಪ ಹೊತ್ತು ಅತ್ತು ಸುಮ್ಮನಾಗುತ್ತಿತ್ತು. ಚಳಿ ಶುರುವಾಗುವ ಹೊತ್ತಿಗೆ, ಒಂದೂಕಾಲು ವರ್ಷದ ಪೂರ್ಣಿಗೆ ಮಾತು ಬರತೊಡಗಿದಾಗ, ಅಳು ಹಟವಾಯಿತು. ಒಂದು ಸಂಜೆ ರಂಜನಾ ಎತ್ತಿಕೊಂಡರೆ ಬಿಲ್ಲಿನಂತೆ ಬಾಗಿ, ಎರಡೂ ಕೈ ಯಲ್ಲಕ್ಕನ ಕಡೆ ಚಾಚಿ, ಸ್ಪಷ್ಟವಾಗಿ ಕೂಗಿತು:

"ಅವ್ವಾ! ಅವ್ವಾ!"

ಯಲ್ಲಕ್ಕ ಕೂಸನ್ನು ತೆಗೆದುಕೊಂಡಳು. ಕೂಸು ಅವಳ ಕೊರಳಿಗೆ ಜೋತುಬಿದ್ದು ಬಿಕ್ಕುತ್ತ ಶಾಂತವಾಯಿತು. ಸುಳ್ಳೇಕೆ, ಆ ಕ್ಷಣ ಯಲ್ಲಕ್ಕನಿಗೆ ಹಿತವಾಗಿತ್ತು. ಮರುಕ್ಷಣ ಸೊಸೆಯ ಮುಖ ನೋಡಿದಳು, ಆ ಹಿತವೆಲ್ಲ ಎಲ್ಲಿ ಹೋಯಿತೋ.

ರಾತ್ರಿಯ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರಂಜನಾ ರೊಟ್ಟಿ ಮುರಿಯುತ್ತಿದ್ದಳು, ಬಾಯಿಗೆ ಇಡುತ್ತಿರಲಿಲ್ಲ.

"ಉಣ್ಣ ಬೇ. ಕೂಸು ಅಂದ್ರ ಹಂಗ. ನಾಳಿ ಬರ್ತೈತಿ," ಎಂದಳು ಯಲ್ಲಕ್ಕ.

"ನಾಳಿ ಅಂತ ನೀವು ಹ್ವಾದ ಸಲಾನೂ ಅಂದಿದ್ರಿ ಅತ್ತಿ."

"ಹಂಗಾರ ಕೂಸಿನ್ನ ಅಲ್ಲೇ ಕರಕೊಂಡ ಹೋಗ್ಲಿ," ಎಂದ ಹಾಲೇಶ. "ಕ್ವಾರ್ಟರ್ಸ್ ಹತ್ರ ಒಂದ ಖೋಲಿ ಹಿಡದ್ರಾತು."

"ಈಕಿ ಡ್ಯೂಟಿಗಿ ಹೋದ್ರ ಕೂಸಿನ್ನ ಯಾರ ನೋಡತಾರ? ನಿನ್ನ ಮೋಟರೇನ?" ಯಲ್ಲಕ್ಕ ತಿರುಗಿಬಿದ್ದಳು. "ಅಲ್ಲಿ ಗಾಳ್ಯಾಗೂ ಕಲ್ಲಿದ್ದಲಿ. ಕೂಸಿನ್ನ ಕೊಲ್ಲಾಕ ಹೊಂಟೀಯೇನ?"

"ಯವ್ವಾ, ಹಂಗಾರ ಏನ ಮಾಡೂನಂತಿ? ತಾಯಿ ಇಲ್ಲಿ ಬೀಗರ ಹಂಗ ಬಂದ ಹೋಗಬೇಕೇನ?"

"ಲೇ, ಗಪ್ಪ ಕುಂದರ್ರಿ ಇಬ್ರೂ," ಅಮಸಿದ್ದಪ್ಪ ತಾಟು ಸರಿಸಿದ. "ಉಣ್ಣೂ ಹೊತ್ತಿನ್ಯಾಗ ಜಗಳ ಬ್ಯಾಡ."

ಆಗ ರಂಜನಾ ತಲೆ ಎತ್ತದೆ ಹೇಳಿದಳು: "ನಮ್ಮ ಸಾಹೇಬ್ರು ನನ್ನ ಖಾಯಂ ಮಾಡ್ತೀನಿ ಅಂದಾರ. ಎರಡ ತಿಂಗಳದೊಳಗ ಹೂಂ ಅನ್ನಬೇಕಂತ. ನಾ ಒಲ್ಲೆ ಅಂತ ಹೇಳ್ತೀನ್ರಿ. ಬಿಟ್ಟು ಬರ್ತೀನಿ."

ಆ ಕೆಲಸವೆಂದರೆ ರಂಜನಾಗೆ ಎಷ್ಟು ಪ್ರಾಣ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಲ್ಟು ನಿಂತಾಗ ಕಾರಣ ಹುಡುಕಿ ಮತ್ತೆ ಓಡಿಸಿದ ದಿನ ಅವಳು ಫೋನಿನಲ್ಲಿ ನಗುತ್ತಿದ್ದ ರೀತಿಯೇ ಬೇರೆ. ಬೆಳಗ್ಗೆ ಅವಳು ಬಸ್ಸಿಗೆ ಹೊರಟಾಗ ಕೂಸು ಯಲ್ಲಕ್ಕನ ಸೆರಗಿನ ಹಿಂದಿನಿಂದ ಇಣುಕಿ ನೋಡಿತು, ಯಾರೋ ಬಂದವರು ಹೋಗುತ್ತಿದ್ದಾರೆ ಎಂಬಂತೆ.

ಮುಂದಿನ ಸಲ ರಂಜನಾ ಬಂದಾಗಲೂ ಬಚ್ಚಲು, ಬೇವು, ಸೋಡಾ, ಡಾಂಬರ ಗುಳಿಗೆ ಎಲ್ಲ ಕ್ರಮದಂತೆ ನಡೆಯಿತು. ಕೂಸಿನ ಅಳುವೂ. ಮರುದಿನ ಬೆಳಗ್ಗೆ ಯಲ್ಲಕ್ಕ ಮೇವು ತರಲು ಹೊಲಕ್ಕೆ ಹೋಗಿದ್ದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನಸುಕಿನಲ್ಲಿ ಈದ ಒಂದು ಕುರಿಯನ್ನು ಅಮಸಿದ್ದಪ್ಪ ಅಂಗಳದಲ್ಲೇ ಬಿಟ್ಟು ಉಳಿದ ಹಿಂಡನ್ನು ಹೊಡೆದುಕೊಂಡು ಹೋಗಿದ್ದ. ನಡುಗುವ ಕಾಲಿನ ಆ ಮರಿ ಎಡವುತ್ತ ಹೋಗಿ ಬಚ್ಚಲಿನ ಮೋರಿಗೆ ಬಿತ್ತು.

ತನ್ನ ಕೂಸನ್ನು ಎತ್ತಿಕೊಳ್ಳಲಾಗದ ಕೈಗಳು ರಂಜನಾಳವು. ಮರಿಯನ್ನು ಎತ್ತಿದಳು, ಬಿಸಿನೀರು ಹಾಕಿದಳು, ಸೋಪು ಹಚ್ಚಿ ಮೈಯೆಲ್ಲ ತಿಕ್ಕಿ, ಟಾವೆಲಿನಲ್ಲಿ ಒರೆಸಿ, ಎದೆಗವಚಿಕೊಂಡು ಒಣಗಿಸಿದಳು. ಕಪ್ಪು ಉಣ್ಣೆ ರೇಷ್ಮೆಯಂತಾಯಿತು. ಸಂತೋಷದಿಂದ ತಾಯಿಯ ಮುಂದೆ ಬಿಟ್ಟಳು. ಕುರಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಮರಿಯನ್ನು ದೂಡಿ ಕೆಡವಿತು.

ಮೇವಿನ ಹೊರೆ ಹೊತ್ತು ಬಂದ ಯಲ್ಲಕ್ಕನಿಗೆ ಕಂಡದ್ದು, ಒದೆ ತಿಂದು ಅರಚುತ್ತಿದ್ದ ಮರಿ, ಬೆನ್ನು ತಿರುಗಿಸಿ ನಿಂತ ತಾಯಿ, ನಡುವೆ ಕಕ್ಕಾಬಿಕ್ಕಿಯಾದ ಸೊಸೆ. ಹೊರೆಯನ್ನು ಅಲ್ಲೇ ಒಗೆದಳು.

"ಯಾರ ತೊಳದಾರಿದನ್ನ?"

"ನಾನ್ರಿ ಅತ್ತಿ. ಮೋರಿಗಿ ಬಿದ್ದಿತ್ತು. ಹೊಲಸಾಗಿತ್ತಂತ..."

"ಹೊಲಸಾದ್ರ ಆಗ್ಲಿ, ತಾಯಿ ನೆಕ್ಕತಿತ್ತು! ಹಸಿ ಮರಿಗೆ ಯಾರರ ಸೋಪ ಹಚ್ಚತಾರೇನ? ಕುರಿಗೆ ಕಣ್ಣಿನ ಗುರ್ತಲ್ಲ, ಮೂಗಿನ ಗುರ್ತ. ವಾಸ್ನಿ ತೊಳದ ಕೊಟ್ಟಮ್ಯಾಲ ತಾಯಿ ಮಕ್ಕಳಿಗೆ ಗುರ್ತ ಎಲ್ಲಿಂದ..."

ಯಲ್ಲಕ್ಕನ ಮಾತು ಅಲ್ಲಿಗೇ ನಿಂತಿತು. ಎದುರಿಗೆ ಹಗ್ಗದ ಮೇಲೆ ಸೊಸೆಯ ಬಟ್ಟೆಗಳು ಸಾಲಾಗಿ ನೇತಾಡುತ್ತಿದ್ದವು. ನಿನ್ನೆ ಅವಳೇ ಸೋಡಾದಲ್ಲಿ ಮುಳುಗಿಸಿ, ಕಲ್ಲಿಗೆ ಬಡಿದು, ಮೂರು ನೀರು ಹಾಕಿ ಹಿಂಡಿದ ಬಟ್ಟೆಗಳು.

ಸದ್ದಿಗೆ ಎಚ್ಚರವಾದ ಕೂಸು ಒಳಗಿನಿಂದ ಅಳತೊಡಗಿತು. "ಅವ್ವಾ!"

ರಂಜನಾ ತಟ್ಟನೆ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. "ನಿಮ್ಮನ್ನ ಕರ್ಯಾಕತ್ತೈತ್ರಿ ಅತ್ತಿ," ಎಂದು ಹೇಳಿ ಮತ್ತೆ ಮರಿಯ ಪಕ್ಕ ಕುಳಿತಳು.

ಕೂಸನ್ನು ಎತ್ತಿಕೊಂಡು ಬಂದ ಯಲ್ಲಕ್ಕ ಆಮೇಲೆ ಒಂದು ಬೈಗುಳವನ್ನೂ ಆಡಲಿಲ್ಲ. ಅದು ರಂಜನಾಗೆ ಬೈಗುಳಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ ಅಮಸಿದ್ದಪ್ಪ ಬಂದು, ತಾಯಿಕುರಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೂ ಬಾಲಕ್ಕೂ ಸವರಿ, ಕುರಿಯ ಮೂಗಿಗೂ ಒಂದಿಷ್ಟು ಒರೆಸಿ, ಎರಡನ್ನೂ ಇಕ್ಕಟ್ಟಾದ ಮೂಲೆಯಲ್ಲಿ ಕೂಡಿಸಿ ಕಟ್ಟಿದ.

"ಒಂದೆರಡ ದಿನಾ ಹಿಡಿತೈತಿ. ಹಾಲ ಸವರ್ಕೋತ ಇರಬೇಕು. ಗುರ್ತ ಹೊಳ್ಳಿ ಬರ್ತೈತಿ."

"ಖರೆ ಬರ್ತೈತೇನ್ರಿ?" ಎಂದಳು ಯಲ್ಲಕ್ಕ.

"ಕುರ್ಯಾಗ ಹುಟ್ಟಿ, ಕುರ್ಯಾಗ ಬೆಳದಾಕಿ ನೀನು. ನನ್ನ ಕೇಳ್ತಿಯಲ್ಲ?"

"ಕುರೀದಲ್ಲ ನಾ ಕೇಳಿದ್ದು."

ಅಮಸಿದ್ದಪ್ಪ ಅವಳು ನೋಡುತ್ತಿದ್ದ ಕಡೆ ನೋಡಿದ. ಹಗ್ಗದ ಮೇಲಿನ ಬಟ್ಟೆಗಳನ್ನು ರಂಜನಾ ಒಂದೊಂದಾಗಿ ತೆಗೆದು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. "ಬರ್ತೈತಿ ಬಿಡ," ಎಂದು ಮೆಲ್ಲಗೆ ಹೇಳಿ ಕೈ ತೊಳೆಯಲು ಹೋದ.

ಸೊಸೆ ಹೋದ ಎರಡನೆಯ ದಿನ ಯಲ್ಲಕ್ಕ ಮಗನಿಂದ ಫೋನು ಹಚ್ಚಿಸಿದಳು.

"ರಂಜನಾ, ನೀ ಖೋಲ್ಯಾಗ ಮಕ್ಕೊಳ್ಳಾಗ ಮೈಮ್ಯಾಲ ಏನ ಹೊಚ್ಚಗೊಂತಿ?"

"ಹಳೇ ದುಪಟ್ಟಾ ಒಂದೈತ್ರಿ. ಯಾಕ್ರಿ ಅತ್ತಿ?"

"ಅದನ್ನ ಬಸ್ಸಿನ ಡ್ರೈವರನ ಕೈಯಾಗ ಕೊಟ್ಟ ಕಳಸ. ಇವ ಸ್ಟ್ಯಾಂಡಿನ್ಯಾಗ ಇಸಗೊಂತಾನ."

"ಒಗದು ಕಳಸ್ತೀನ್ರಿ..."

"ಒಗದೆಂದ್ರ ಕಾಲ ಮುರಿತೀನಿ!"

ಆಚೆ ಕಡೆಯಿಂದ "ಆತ್ರಿ" ಎಂದ ದನಿ ಒದ್ದೆಯಾಗಿತ್ತೋ, ಲೈನೇ ಹಾಗಿತ್ತೋ. "ಮತ್ತ ಇನ್ನೊಂದು," ಎಂದಳು ಯಲ್ಲಕ್ಕ. "ನಿಮ್ಮ ಸಾಹೇಬ್ರಿಗೆ ಈಗ ಏನೂ ಹೇಳಬ್ಯಾಡ. ಹೊಳ್ಳಿ ಬಂದ ಹೋಗೂತನಕ ತಡಿ."

ಹಾಲೇಶ ಜಮಖಂಡಿ ಸ್ಟ್ಯಾಂಡಿಗೆ ಹೋಗಿ ಪೊಟ್ಟಣ ತಂದ. ಸೊಲ್ಲಾಪುರದ ಶೇಂಗಾ ಚಟ್ನಿ ಬಂದಿರಬೇಕೆಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದ. ಬಿಚ್ಚಿದರೆ ಮುದುಡಿದ ದುಪಟ್ಟಾ.

"ಯವ್ವಾ, ಈ ಮಾಸಿದ ಅರಬಿ ತರಾಕ ನಾ ಪೆಟ್ರೋಲ್ ಸುಟ್ಟನೇನ?"

"ಮಾಸಿದ್ದಕ್ಕ ಬೆಲಿ ಐತಿ, ಇತ್ತ ತಾ."

ಯಲ್ಲಕ್ಕ ಅದನ್ನು ಕಾಲುವೆಯ ದಂಡೆಗೆ ಒಯ್ದು ಹತ್ತಾರು ಸಲ ಝಾಡಿಸಿದಳು, ಕಣ್ಣಿಗೆ ಕಾಣುವ ಧೂಳು ಹೋಗುವ ತನಕ. ನೀರಿಗೆ ಮಾತ್ರ ಮುಟ್ಟಿಸಲಿಲ್ಲ. ಮೂಗಿಗೆ ಹಿಡಿದಳು. ಬೆವರು, ತಲೆಗೆಣ್ಣೆ, ಎಲ್ಲೋ ತಳದಲ್ಲಿ ಸುಟ್ಟ ಕಲ್ಲಿನಂಥ ಒಂದು ಕಮಟು. ಇದು ನನ್ನ ಸೊಸೆಯ ವಾಸನೆ, ಇಷ್ಟು ದಿನ ನನಗೇ ಗೊತ್ತಿರಲಿಲ್ಲವಲ್ಲ ಎಂದುಕೊಂಡಳು. ಅದನ್ನು ಮಡಿಸಿ ತೊಟ್ಟಿಲಲ್ಲಿ ಕೂಸಿನ ತಲೆಯ ಪಕ್ಕ ಹಾಸಿದಳು.

ಮೊದಲ ದಿನ ಪೂರ್ಣಿ ಅದನ್ನು ಎತ್ತಿ ಹೊರಗೆ ಒಗೆಯಿತು. ಮರುದಿನವೂ ಒಗೆಯಿತು. ಒಂದು ಬೆಳಗ್ಗೆ ಕೂಸು ಎರಡು ಸಲ ಸೀನಿದ್ದೇ ತಡ, ಯಲ್ಲಕ್ಕ ದುಪಟ್ಟಾವನ್ನು ಕಿತ್ತುಕೊಂಡು ಸೋಡಾದ ಬಕೆಟ್ಟಿನ ತನಕ ಓಡಿದಳು. ಅಲ್ಲಿ ಅಂಗಳದ ಮೂಲೆಯಲ್ಲಿ ಆ ಮರಿ ಬಾಲ ಅಲ್ಲಾಡಿಸುತ್ತ ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಯಲ್ಲಕ್ಕ ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿ ಒಳಗೆ ಬಂದಳು. ಕೂಸು ಮತ್ತೆ ಸೀನಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ ಅದು ದುಪಟ್ಟಾದ ಅಂಚನ್ನು ಹಿಡಿದುಕೊಂಡು ಮಲಗತೊಡಗಿತು. ಆಮೇಲೆ ಅದಿಲ್ಲದೆ ಮಲಗಲೊಲ್ಲದು. ನಡೆಯುವಾಗಲೂ ಹಿಂದೆ ಎಳೆದುಕೊಂಡೇ ಓಡಾಡುವುದು.

"ಇದು ಯಾರದು? ಅವ್ವಂದು," ಎಂದು ಯಲ್ಲಕ್ಕ ಪಾಠ ಮಾಡುತ್ತಿದ್ದಳು.

"ಅವ್ವ," ಎನ್ನುತ್ತ ಕೂಸು ಯಲ್ಲಕ್ಕನ ಗಲ್ಲ ಹಿಡಿಯುತ್ತಿತ್ತು.

"ಅವರು ಅಜ್ಜ, ನಾ ಆಯಿ. ಆಯಿ ಅನ್ನು. ಅವ್ವ ಇದ್ರಾಗ ಅದಾಳ."

ಯಾರೂ ಕಿತ್ತುಕೊಳ್ಳದೆ ಇದ್ದದ್ದನ್ನು ತಾನೇ ಕೊಡುವುದು ಎಷ್ಟು ಕಷ್ಟವೆಂದು ಅವಳು ಯಾರ ಮುಂದೆಯೂ ಹೇಳಲಿಲ್ಲ. ಅಮಸಿದ್ದಪ್ಪ ಒಮ್ಮೆ ಆ ಪಾಠ ಕೇಳಿಸಿಕೊಂಡು ಪೇಟೆಯಿಂದ ಅವಳಿಗೆ ಇಷ್ಟದ ಎಲೆ ಅಡಿಕೆ ತಂದು ಪಕ್ಕದಲ್ಲಿಟ್ಟು ಹೋದ.

ಹದಿನೈದು ದಿನಕ್ಕೆ ರಂಜನಾ ಬಂದಳು. ರೂಢಿಯಂತೆ ಅಂಗಳದಲ್ಲೇ ನಿಂತು, ಚೀಲ ಕೆಳಗಿಟ್ಟು, ಬಚ್ಚಲಿನ ಕಡೆ ತಿರುಗಿದಳು.

"ಎಲ್ಲಿಗಿ ಹೊಂಟಿ? ಕೈಕಾಲ ತೊಳಕೊಂಡ ಒಳಗ ಬಾ. ಅಷ್ಟ ಸಾಕು."

"ಜಳಕಾ ರೀ ಅತ್ತಿ?"

"ನಾಳಿ ಮಾಡೀಯಂತ. ಏನ ಅವಸರ ಐತಿ ಈಗ?"

ಕೂಸು ಓಡಿ ಬರಲಿಲ್ಲ. ಯಲ್ಲಕ್ಕನ ಕಾಲಿನ ಹಿಂದೆ ನಿಂತು ನೋಡಿತು. ರಂಜನಾ ಕೈ ಚಾಚಲಿಲ್ಲ. ಚಾಚಿ ಚಾಚಿ ಸೋತಿದ್ದಳು. ಬಸ್ಸಿನಲ್ಲಿ ಬಂದ ಬಟ್ಟೆಯಲ್ಲೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಯಲ್ಲಕ್ಕ ಬೇಕೆಂದೇ ಬದನೆಕಾಯಿ ಹೆಚ್ಚುವ ನೆಪದಲ್ಲಿ ಪಡಸಾಲೆಗೆ ಸರಿದಳು.

ಕೂಸು ದುಪಟ್ಟಾ ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಯಿತು. ಕೈಯಲ್ಲಿದ್ದದ್ದನ್ನು ಮೂಗಿಗೆ ಒತ್ತಿಕೊಂಡಿತು. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಹೋಗಿ, ರಂಜನಾಳ ಬೆನ್ನಿಗೆ ಮುಖ ಒತ್ತಿತು. ರಂಜನಾಳ ಕೈಯಲ್ಲಿ ಹಿಟ್ಟಿತ್ತು. ಅವಳು ಉಸಿರೂ ಬಿಡದೆ ಕುಳಿತಳು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಕೂಸು ಅವಳ ಬಗಲಿನ ಸಂದಿಯಿಂದ ತಲೆ ತೂರಿಸಿ ಮಡಿಲಿಗೆ ಇಳಿದು, ಬೆರಳು ಚೀಪುತ್ತ, ಯಾವ ಅವಸರವೂ ಇಲ್ಲದೆ "ಅವ್ವ" ಎಂದಿತು.

"ಅತ್ತೀ... ರೊಟ್ಟಿ ಹೊತ್ತೈತ್ರಿ," ಎಂದು ರಂಜನಾ ಅಳುತ್ತ ಕೂಗಿದಳು.

"ಹೊತ್ತಲಿ ಬಿಡ!" ಎಂದಳು ಯಲ್ಲಕ್ಕ, ಪಡಸಾಲೆಯಿಂದಲೇ. ಅವಳು ಎದ್ದು ಕುರಿದೊಡ್ಡಿಗೆ ಹೋದಳು. ಅಲ್ಲಿ ಬೇಲಿ ಹಿಡಿದು ನಿಂತು ಮನಸಾರೆ ಅತ್ತಳು. ಅದರಲ್ಲಿ ಸಂತೋಷವೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಎರಡನ್ನೂ ಬೇರೆ ಮಾಡುವ ಗೋಜಿಗೆ ಅವಳು ಹೋಗಲಿಲ್ಲ.

"ಏನಾತ ಬೇ?" ಅಮಸಿದ್ದಪ್ಪ ಗಾಬರಿಯಾಗಿ ಕೇಳಿದ.

"ಏನಿಲ್ಲ. ಗುರ್ತ ಹೊಳ್ಳಿ ಬಂತು."

ರಾತ್ರಿ ಊಟದಲ್ಲಿ ಕೂಸು ತಾಯಿಯ ಮಡಿಲಲ್ಲೇ ಇತ್ತು. ಯಲ್ಲಕ್ಕ ಎಲ್ಲರಿಗೂ ತುಪ್ಪ ಬಡಿಸುತ್ತ ಹೇಳಿದಳು: "ನಾಳಿ ನಿಮ್ಮ ಸಾಹೇಬ್ರಿಗೆ ಹೂಂ ಅನ್ನು. ಖಾಯಂ ಮಾಡ್ಲಿ. ಹದಿನೈದ ದಿನಕ್ಕೊಮ್ಮಿ ಒಂದ ಅರಬಿ ಕಳಸ್ಕೋತ ಇರು, ಉಳದದ್ದ ನಾ ನೋಡಕೊಂತೀನಿ."

"ಅತ್ತಿ..."

"ಅತ್ತಿ ಗಿತ್ತಿ ಏನಿಲ್ಲ. ನೀ ಕೆಲಸ ಬಿಟ್ಟ ಬಂದ್ರ ಆ ತಾರವ್ವಗ ನಾ ಏನ ಹೇಳ್ಲಿ?"

"ಹೂಂ ಅನ್ನು," ಎಂದ ಹಾಲೇಶ. "ಹಂಗ ನಮ್ಮ ಹೊಲಕ್ಕ ಒಂದೀಟ ತ್ರೀ ಫೇಸ್ ಹೆಚ್ಚಿಗಿ ಬಿಡಸ." ರಂಜನಾ ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಗಟ್ಟಿಯಾಗಿ ನಕ್ಕಳು.

ಹೊರಡುವ ದಿನ ಹಾಲೇಶ ಬೈಕು ಚಾಲೂ ಮಾಡಿ ಹಾರನ್ನು ಹೊಡೆಯುತ್ತಿದ್ದ. ಕೂಸು ತಾಯಿಯ ಸೊಂಟದಿಂದ ಇಳಿಯಲೊಲ್ಲದೆ ಅತ್ತು, ಕೊನೆಗೆ ಅಜ್ಜನ ತೋಳಿಗೆ ಹೋಗಿತ್ತು. ಆ ಅಳು ಕೇಳಿ ರಂಜನಾಗೆ ಸಂಕಟವೂ ಆಯಿತು, ಒಂದು ಬಗೆಯ ಸಮಾಧಾನವೂ ಆಯಿತು. ಹೊಸ್ತಿಲ ತನಕ ಹೋದವಳು ಒಳಗೆ ತಿರುಗಿ ಬಂದಳು.

"ಅತ್ತಿ, ನಿಮ್ಮದೊಂದ ಸೀರಿ ಕೊಡ್ರಿ."

"ಯಾಕ ಬೇ? ಪೂರ್ಣಿ ಇಲ್ಲೇ ಇರತಾಳಲ್ಲ."

"ಪೂರ್ಣಿ ಸಲವಾಗಿ ಅಲ್ರಿ. ನನಗ. ಅಲ್ಲಿ ಡ್ಯೂಟಿ ಮುಗಿಸಿ ಮಕ್ಕೊಂಡ್ರ ನಿದ್ದಿ ಹತ್ತೂದಿಲ್ಲ."

ಯಲ್ಲಕ್ಕ ಗಡಬಡಿಸಿ ಟ್ರಂಕು ತೆರೆದು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ತೆಗೆದಳು. "ತಗೋ. ಒಗದ ಇಟ್ಟೀನಿ. ಒಂದ ಕಲಿ ಇಲ್ಲ."

"ಅದ ಬ್ಯಾಡ್ರಿ. ಮೈಮ್ಯಾಲಿಂದ ಕೊಡ್ರಿ."

"ಇದಾ? ಇದು ಕುರಿ ನಾರತೈತಿ, ಹುಚ್ಚಿ. ಒಲಿ ಹೊಗಿ, ಹಿಕ್ಕಿ, ಎಲ್ಲಾ ಹತ್ತೈತಿ."

"ಹೂಂನ್ರಿ. ಅದ ಬೇಕು."

ಯಲ್ಲಕ್ಕ ಬಾಗಿಲು ಮುಂದಕ್ಕೆ ಮಾಡಿ ಸೀರೆ ಬದಲಿಸಿದಳು. ಬಿಚ್ಚಿದ್ದು ಇನ್ನೂ ಬೆಚ್ಚಗಿತ್ತು. ಒಗೆಯದ ಬಟ್ಟೆಯೊಂದು ಅವಳ ಕೈಯಿಂದ ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುತ್ತಿದ್ದುದು ಇದೇ ಮೊದಲು. ಅದನ್ನು ಸಣ್ಣದಾಗಿ ಮಡಿಸಿ ಸೊಸೆಯ ಚೀಲದ ತಳಕ್ಕೆ ತುರುಕಿದಳು.

"ಅಲ್ಲಿ ಮುಟ್ಟಿದ ಕೂಡ್ಲೆ ನೀರಾಗ ಹಾಕು. ಮಂದಿ ನೋಡಿದ್ರ ನಗತಾರ," ಎಂದಳು, ಮುಖ ಆಚೆ ತಿರುಗಿಸಿ.

ರಂಜನಾ ಚೀಲದ ಬಾಯಿ ಕಟ್ಟಿ ಎದೆಗವಚಿಕೊಂಡಳು.

"ಒಗ್ಯಾಂಗಿಲ್ಲ, ಅವ್ವಾ," ಎಂದಳು.